ಸಣ್ಣ ಊರಿನ ಪತ್ತೇದಾರಿ ಕಥೆಗಳು

ಇರುವೆಯನ್ನು ತುಳಿಯದಂತೆ ನೋಡಿಕೊಂಡು ನಡೆಯುವ ಸಾಧು ಸ್ವಭಾವದವರು ಎಷ್ಟೋ ಮಂದಿ ರಾತ್ರಿ ಊಟವಾದ ಮೇಲೆ ದಿಂಬಿಗೊರಗಿ ಕೊಲೆಯ ಕಥೆಗಳನ್ನು ಓದುತ್ತಾರೆ. ಓದುವುದಷ್ಟೇ ಅಲ್ಲ, ಕೊಲೆಗಾರ ಯಾರೆಂದು ತಿಳಿಯುವ ತನಕ ದೀಪ ಆರಿಸುವುದಿಲ್ಲ. ನೀವೂ ಅಂಥವರಲ್ಲಿ ಒಬ್ಬರಾಗಿದ್ದರೆ ನಾಚಿಕೆಪಡಬೇಕಾದ್ದಿಲ್ಲ. ನಿಮ್ಮ ಜೊತೆಯಲ್ಲಿ ನ್ಯಾಯಾಧೀಶರಿದ್ದಾರೆ, ಪ್ರಾಧ್ಯಾಪಕರಿದ್ದಾರೆ, ಕವಿಗಳೂ ಇದ್ದಾರೆ. ಈ ಅಭ್ಯಾಸವುಳ್ಳವರು ಒಂದು ಸಂಗತಿಯನ್ನು ಗಮನಿಸಿರಬಹುದು. ಮಹಾನಗರದಲ್ಲಿ ನಡೆಯುವ ಕೊಲೆಯ ಕಥೆಗಿಂತ ಸಣ್ಣ ಊರಿನಲ್ಲಿ ನಡೆಯುವ ಕೊಲೆಯ ಕಥೆ ನಮ್ಮ ಮನಸ್ಸನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಏಕೆ ಹೀಗೆ? ಈ ಪ್ರಶ್ನೆಯನ್ನು ನಿಮ್ಮ ಮುಂದಿಟ್ಟು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಒಂದು ಊರನ್ನು ಕಲ್ಪಿಸಿಕೊಳ್ಳಿ. ಒಂದೇ ಪೇಟೆ ಬೀದಿ, ಒಂದು ಬಸ್ ಸ್ಟ್ಯಾಂಡು, ಒಂದು ಹೈಸ್ಕೂಲು, ವಾರಕ್ಕೊಂದು ಸಂತೆ. ಯಾರ ಮನೆಗೆ ತಿಂಗಳಿಗೆ ಎಷ್ಟು ಸಕ್ಕರೆ ಬೇಕೆಂಬುದು ಕಿರಾಣಿ ಅಂಗಡಿಯವನಿಗೆ ಗೊತ್ತು. ಯಾರ ಮನೆಗೆ ನೆಂಟರು ಬಂದಿದ್ದಾರೆಂಬುದು ಹಾಲಿನವನಿಗೆ ಗೊತ್ತು. ಕೊನೆಯ ಬಸ್ಸಿನಿಂದ ಯಾರು ಇಳಿದರೆಂಬುದು ಬೆಳಗಾಗುವುದರೊಳಗೆ ಎಲ್ಲರಿಗೂ ಗೊತ್ತು. ಇಂಥ ಊರಿನಲ್ಲಿ ಒಂದು ದಿನ ಮುಂಜಾನೆ ಕೆರೆಯ ಏರಿಯ ಕೆಳಗೆ ಒಂದು ಹೆಣ ಸಿಕ್ಕಿತೆನ್ನಿ. ಮುಂಬಯಿಯಲ್ಲಿ ಹೀಗಾದರೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬಂದು ಮುಗಿಯುತ್ತದೆ. ಇಲ್ಲಿ ಹಾಗಲ್ಲ. ಸತ್ತವನನ್ನು ಎಲ್ಲರೂ ಬಲ್ಲರು. ಕೊಂದವನನ್ನೂ ಎಲ್ಲರೂ ಬಲ್ಲರು, ಅವನೇ ಕೊಂದವನೆಂಬುದೊಂದನ್ನು ಬಿಟ್ಟು. ನಿನ್ನೆ ಸಂಜೆ ಹೋಟೆಲಿನಲ್ಲಿ ಅವನ ಜೊತೆ ಕಾಫಿ ಕುಡಿದವರಿದ್ದಾರೆ. ಇಂದು ಹೆಣದ ಮುಂದೆ ನಾಲ್ಕು ಜನರ ನಡುವೆ ಅವನೂ ತಲೆ ತಗ್ಗಿಸಿ ನಿಂತಿರಬಹುದು.

ಇಂಥ ಕಥೆಗಳ ಜೀವಾಳ ಇಲ್ಲಿದೆ. ಒಬ್ಬರ ಗುರುತಿರುವುದು ಬೇರೆ, ಅವರನ್ನು ಅರಿತಿರುವುದು ಬೇರೆ. ಪಟ್ಟಣದಲ್ಲಿ ಬಾಳುವವನು ಪಕ್ಕದ ಮನೆಯವನನ್ನು ತಾನು ಬಲ್ಲೆನೆಂದು ಹೇಳಿಕೊಳ್ಳುವುದೇ ಇಲ್ಲ. ಸಣ್ಣ ಊರಿನವನು ಎಲ್ಲರನ್ನೂ ಬಲ್ಲೆನೆಂದು ನಂಬಿರುತ್ತಾನೆ. ಆ ನಂಬಿಕೆ ಒಂದು ರಾತ್ರಿ ಮುರಿದುಬೀಳುತ್ತದೆ. ಕೊಲೆಯಾದದ್ದು ಒಬ್ಬ ಮನುಷ್ಯ. ಅದರ ಜೊತೆಗೆ ಊರಿನ ತಿಳಿವಳಿಕೆಯೂ ಸತ್ತುಬಿದ್ದಿರುತ್ತದೆ. ನಾವು ಪುಟ ಮಗುಚುವುದು ಆ ಎರಡನೆಯ ಸಾವಿನ ಕಾರಣ ತಿಳಿಯಲೆಂದು.

ಚರಿತ್ರೆಯನ್ನು ನೋಡಿದರೆ ಪತ್ತೇದಾರಿ ಕಥೆ ಹುಟ್ಟಿದ್ದು ಹಳ್ಳಿಯಲ್ಲಲ್ಲ. ಅಮೆರಿಕದ ಎಡ್ಗರ್ ಅಲನ್ ಪೋ ೧೮೪೧ರಲ್ಲಿ ಬರೆದ, ಈ ಜಾತಿಯ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುವ ಕಥೆ ನಡೆಯುವುದು ಪ್ಯಾರಿಸ್ ನಗರದಲ್ಲಿ. ೧೮೮೭ರಲ್ಲಿ ಕಾಣಿಸಿಕೊಂಡ ಷೆರ್ಲಾಕ್ ಹೋಮ್ಸನ ವಾಸ ಲಂಡನ್ನಿನಲ್ಲಿ. ಇದು ಸಹಜವೇ. ಪಟ್ಟಣವೆಂದರೆ ಅಪರಿಚಿತರ ಗುಂಪು. ಅಲ್ಲಿ ಒಬ್ಬನ ಷೂಸಿಗೆ ಅಂಟಿದ ಕೆಸರಿನಿಂದಲೋ ಅಂಗಿಯ ತೋಳಿನ ಸವೆತದಿಂದಲೋ ಅವನ ಚರಿತ್ರೆಯನ್ನು ಓದಬಲ್ಲವನು ಮಾಂತ್ರಿಕನಂತೆ ಕಾಣುತ್ತಾನೆ. ಸಣ್ಣ ಊರಿನಲ್ಲಿ ಹೋಮ್ಸನ ಈ ವಿದ್ಯೆಗೆ ಯಾರು ಬೆರಗಾಗುತ್ತಾರೆ? ಅವನು ಕೆಸರನ್ನು ನೋಡಿ ಹೇಳುವುದನ್ನು ಬೀದಿಯ ಕೊನೆಯ ಮನೆಯ ಅಜ್ಜಿ ನೋಡದೆಯೇ ಹೇಳಿಬಿಡುತ್ತಾಳೆ.

ಆದರೂ ಹಳ್ಳಿಗಾಡಿನಲ್ಲಿ ಏನೋ ಇದೆಯೆಂಬುದನ್ನು ಕಾನನ್ ಡಾಯ್ಲ್ ಗುರುತಿಸಿದ್ದರು. ೧೮೯೨ರಲ್ಲಿ ಪ್ರಕಟವಾದ ಒಂದು ಹೋಮ್ಸ್ ಕಥೆಯಲ್ಲಿ ಹೋಮ್ಸನೂ ವಾಟ್ಸನ್ನನೂ ರೈಲಿನಲ್ಲಿ ವಿಂಚೆಸ್ಟರ್ ಊರಿಗೆ ಹೊರಟಿದ್ದಾರೆ. ಕಿಟಕಿಯಾಚೆ ಹಸುರು ಹೊಲಗಳು, ಒಂಟಿ ಮನೆಗಳು. ವಾಟ್ಸನ್ನನು ಆ ಚೆಲುವಿಗೆ ಮನಸೋತಿದ್ದರೆ ಹೋಮ್ಸನಿಗೆ ಅದೇ ನೋಟ ದಿಗಿಲು ಹುಟ್ಟಿಸುತ್ತದೆ. ಪಟ್ಟಣದ ಕೊಳಕು ಗಲ್ಲಿಯಲ್ಲಾದರೂ ಪೆಟ್ಟು ತಿಂದ ಮಗು ಅತ್ತರೆ ನೆರೆಯವರ ಕಿವಿಗೆ ಬೀಳುತ್ತದೆ, ಈ ಒಂಟಿ ಮನೆಗಳಲ್ಲಿ ಏನು ನಡೆದರೂ ಕೇಳುವವರಿಲ್ಲ ಎಂಬುದು ಅವನ ವಾದ. ವಾದದಲ್ಲಿ ಸತ್ಯವಿದೆ. ಆದರೆ ಮುಂದೆ ಬಂದ ಲೇಖಕರು ಇದಕ್ಕಿಂತಲೂ ವಿಚಿತ್ರವಾದ ಇನ್ನೊಂದು ಸಂಗತಿಯನ್ನು ಕಂಡರು. ಒಂಟಿ ಮನೆಯಲ್ಲಿ ಕೇಳುವವರಿಲ್ಲ, ನಿಜ. ಮನೆಗೆ ಮನೆ ತಾಗಿರುವ ಊರಿನಲ್ಲಿ ಎಲ್ಲರೂ ಕೇಳುತ್ತಾರೆ, ಎಲ್ಲರೂ ನೋಡುತ್ತಾರೆ. ಆದರೂ ನಿಜ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ!

ಇದಕ್ಕೆ ಒಂದು ನಿಜವಾದ ಘಟನೆಯೇ ಮೇಲ್ಪಂಕ್ತಿ. ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದ ಅಂಚಿನಲ್ಲಿ ರೋಡ್ ಎಂಬ ಹಳ್ಳಿಯಿತ್ತು. ೧೮೬೦ನೆಯ ಇಸವಿ ಜೂನ್ ತಿಂಗಳ ಕೊನೆಯಲ್ಲಿ ಒಂದು ರಾತ್ರಿ ಅಲ್ಲಿಯ ಗೌರವಸ್ಥ ಕುಟುಂಬವೊಂದರ ಗಂಡು ಮಗು ಕೊಲೆಯಾಯಿತು. ಮಗುವಿಗೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಮನೆಯವರೇ ಯಾರೋ ಕೊಂದಿದ್ದಾರೆಂಬ ಸೂಚನೆಗಳಿದ್ದುವು. ಲಂಡನ್ನಿನಿಂದ ಸ್ಕಾಟ್ಲೆಂಡ್ ಯಾರ್ಡಿನ ಹೆಸರಾಂತ ಪತ್ತೇದಾರ ಜಾಕ್ ವಿಚರ್ ಬಂದ. ಮನೆಯ ಒಗೆಯುವ ಬಟ್ಟೆಗಳ ಲೆಕ್ಕದಲ್ಲಿ ಒಂದು ರಾತ್ರಿಯ ಅಂಗಿ ಕಡಿಮೆಯಾಗಿದ್ದುದನ್ನು ಹಿಡಿದು, ಸತ್ತ ಮಗುವಿನ ಮಲಅಕ್ಕ, ಹದಿನಾರು ವರ್ಷದ ಕಾನ್‌ಸ್ಟೆನ್ಸ್ ಕೆಂಟ್ ಮೇಲೆ ಅನುಮಾನಪಟ್ಟ. ಕೆಳವರ್ಗದಿಂದ ಬಂದ ಒಬ್ಬ ಪೊಲೀಸಿನವನು ದೊಡ್ಡ ಮನೆತನದ ಹುಡುಗಿಯತ್ತ ಬೆರಳು ತೋರಿಸುವುದೇ ಎಂದು ಪತ್ರಿಕೆಗಳೂ ಜನವೂ ಅವನ ಮೇಲೆ ಬಿದ್ದರು. ಹುಡುಗಿಯ ಬಿಡುಗಡೆಯಾಯಿತು. ವಿಚರನ ಹೆಸರು ಮಣ್ಣುಪಾಲಾಯಿತು. ಮುಂದೆ ಸುಮಾರು ಐದು ವರ್ಷ ಮಗುವಿನ ತಂದೆಯೂ ದಾದಿಯೂ ಜನರ ಬಾಯಿಗೆ ಸಿಕ್ಕಿ ನರಳಿದರು. ೧೮೬೫ರಲ್ಲಿ ಕಾನ್‌ಸ್ಟೆನ್ಸ್ ತಾನೇ ಕೊಂದೆನೆಂದು ಒಪ್ಪಿಕೊಂಡಳು. ಇಪ್ಪತ್ತು ವರ್ಷ ಸೆರೆಯಲ್ಲಿದ್ದು ಬಿಡುಗಡೆಯಾದಳು.

ಈ ರೋಡ್ ಪ್ರಕರಣದ ನೆರಳು ಬಿದ್ದಿರುವ ಕಾದಂಬರಿ ವಿಲ್ಕಿ ಕಾಲಿನ್ಸರ ‘ದಿ ಮೂನ್‌ಸ್ಟೋನ್’. ಪ್ರಕಟವಾದದ್ದು ೧೮೬೮ರಲ್ಲಿ. ಅಲ್ಲಿಯೂ ಲಂಡನ್ನಿನಿಂದ ಬಂದ ಪತ್ತೇದಾರ, ಅಲ್ಲಿಯೂ ಕಾಣೆಯಾದ ರಾತ್ರಿಯ ಅಂಗಿ, ಅಲ್ಲಿಯೂ ಒಂದು ದೊಡ್ಡ ಮನೆ. ನಮಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆ ಕಥೆಯಲ್ಲಿ ಕಳುವಾಗುವ ವಜ್ರ ಇಂಗ್ಲಿಷರ ಕೈಸೇರಿದ್ದು ನಮ್ಮ ಶ್ರೀರಂಗಪಟ್ಟಣದಲ್ಲಿ. ೧೭೯೯ರಲ್ಲಿ ಟಿಪ್ಪುವಿನ ಕೋಟೆ ಬಿದ್ದ ದಿನದ ಕೊಳ್ಳೆಯಿಂದಲೇ ಕಾಲಿನ್ಸರು ತಮ್ಮ ಕಾದಂಬರಿಯನ್ನು ಆರಂಭಿಸುತ್ತಾರೆ. ಕಾವೇರಿಯ ದಡದಲ್ಲಿ ನಡೆದ ಅನ್ಯಾಯ ಇಂಗ್ಲೆಂಡಿನ ಹಳ್ಳಿಮನೆಯೊಂದರ ನೆಮ್ಮದಿಯನ್ನು ಅರ್ಧ ಶತಮಾನದ ಮೇಲೆ ಹೋಗಿ ಕೆಡಿಸುತ್ತದೆ. ಸಣ್ಣ ಊರಿನ ಕಥೆ ಬರೆಯುವವರು ಇದರಿಂದ ಒಂದು ಪಾಠ ಕಲಿತರು. ಊರು ಎಷ್ಟೇ ಶಾಂತವಾಗಿ ಕಂಡರೂ ಅದರ ಕೆಳಗೆ ಎಂದಿನದೋ ಒಂದು ಲೆಕ್ಕ ತೀರದೆ ಉಳಿದಿರುತ್ತದೆ.

ಇನ್ನು ಅಗಾಥಾ ಕ್ರಿಸ್ಟಿಯವರ ಹೆಸರೆತ್ತದೆ ಈ ಮಾತು ಮುಂದೆ ಸಾಗದು. ಅವರು ಸೃಷ್ಟಿಸಿದ ಮಿಸ್ ಮಾರ್ಪಲ್ ಎಂಬ ಮುದುಕಿ ಮೊದಲು ಕಾಣಿಸಿಕೊಂಡದ್ದು ೧೯೨೭ರ ಒಂದು ಸಣ್ಣ ಕಥೆಯಲ್ಲಿ. ಮೊದಲ ಕಾದಂಬರಿ ೧೯೩೦ರದು. ಈಕೆಯ ಊರು ಸೇಂಟ್ ಮೇರಿ ಮೀಡ್ ಎಂಬ ಕಲ್ಪನೆಯ ಹಳ್ಳಿ. ಮದುವೆಯಾಗದ ಹೆಂಗಸು, ಕೈಯಲ್ಲಿ ಸದಾ ಹೆಣೆಯುವ ಉಣ್ಣೆ, ತೋಟದ ಕೆಲಸದ ನೆವದಲ್ಲಿ ಬೀದಿಯ ಕಡೆಗೊಂದು ಕಣ್ಣು. ಈಕೆಯ ಹತ್ತಿರ ಭೂತಗನ್ನಡಿಯಿಲ್ಲ, ರಸಾಯನ ಶಾಸ್ತ್ರದ ಶೀಷೆಗಳಿಲ್ಲ. ಇರುವುದು ಒಂದೇ ವಿದ್ಯೆ: ಹೋಲಿಕೆ. ಎಂಥ ಭಾರಿ ಪ್ರಕರಣವಾಗಲಿ, ಅದರಲ್ಲಿ ಸಿಕ್ಕಿಕೊಂಡವರನ್ನು ನೋಡಿದಾಗ ಈಕೆಗೆ ತನ್ನ ಹಳ್ಳಿಯ ಯಾರದೋ ನೆನಪಾಗುತ್ತದೆ. ಅಂಗಡಿಯ ಹುಡುಗನ ಸಣ್ಣ ಮೋಸ, ಮನೆಗೆಲಸದವಳ ಸಣ್ಣ ಸುಳ್ಳು. ಮನುಷ್ಯ ಸ್ವಭಾವ ಎಲ್ಲ ಕಡೆಯೂ ಒಂದೇ, ಹಳ್ಳಿಯಲ್ಲಿ ಅದನ್ನು ಹತ್ತಿರದಿಂದ ನೋಡಬಹುದು ಅಷ್ಟೆ ಎಂಬುದು ಈಕೆಯ ಸಿದ್ಧಾಂತ. ನಮ್ಮಲ್ಲಿ ಜಗಲಿಯ ಮೇಲೆ ಕೂತು ಹೂವು ಕಟ್ಟುತ್ತ ಬೀದಿಯ ಸಮಸ್ತ ವ್ಯವಹಾರವನ್ನೂ ಮನಸ್ಸಿನಲ್ಲಿ ಬರೆದುಕೊಳ್ಳುವ ಅಜ್ಜಿಯರನ್ನು ನೋಡಿದವರಿಗೆ ಮಿಸ್ ಮಾರ್ಪಲ್ ಪರದೇಶದವಳೆಂದು ಅನ್ನಿಸುವುದೇ ಇಲ್ಲ.

೧೯೩೦ರ ಆ ಕಾದಂಬರಿಯಲ್ಲಿ ಕೊಲೆಯಾಗುವವನು ಪ್ರೊಥೆರೋ ಎಂಬ ಕರ್ನಲ್. ಹೆಣ ಸಿಕ್ಕುವುದು ಎಲ್ಲಿ? ಊರಿನ ಪಾದ್ರಿಯ ಓದುವ ಕೋಣೆಯಲ್ಲಿ! ಕಥೆ ಹೇಳುವವನೂ ಆ ಪಾದ್ರಿಯೇ. ಪಾಪ, ಹಿಂದಿನ ದಿನವಷ್ಟೇ ಊಟದ ಮೇಜಿನ ಮುಂದೆ, ಮಾಂಸ ಕೊಯ್ಯುವ ಚೂರಿ ಕೈಯಲ್ಲಿರುವಾಗಲೇ, ಈ ಕರ್ನಲ್ಲನನ್ನು ಯಾರಾದರೂ ಮುಗಿಸಿದರೆ ಲೋಕಕ್ಕೆ ಉಪಕಾರವಾದೀತೆಂಬ ಅರ್ಥದ ಮಾತನ್ನು ಬೇಸರದಲ್ಲಿ ಆಡಿಬಿಟ್ಟಿದ್ದ. ಕೊಲ್ಲಲು ಕಾರಣವಿದ್ದವರು ಯಾರು ಯಾರೆಂದು ಮಿಸ್ ಮಾರ್ಪಲ್ ಎಣಿಸಿದಾಗ ಏಳು ಮಂದಿ ಲೆಕ್ಕಕ್ಕೆ ಸಿಕ್ಕುತ್ತಾರೆ. ಆ ಪುಟ್ಟ ಹಳ್ಳಿಯಲ್ಲಿ ಏಳು ಮಂದಿ!

ನಮ್ಮಲ್ಲಿ ಒಂದು ಗಾದೆಯಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು. ನಾಲ್ಕೇ ಮಾತಿನಲ್ಲಿ ಒಂದು ಪತ್ತೇದಾರಿ ಕಥೆ ಅದು. ಕುಂಬಳಕಾಯಿಯನ್ನು ಹೊತ್ತು ತಂದವನ ಹೆಗಲಿಗೆ ಅದರ ಬೂದಿ ಅಂಟಿರುತ್ತದೆ. ಗುಂಪಿನ ನಡುವೆ ಯಾರೋ ಕಳ್ಳ ಎಂದು ಕೂಗಿದೊಡನೆ ಅವನ ಕೈ ತಾನಾಗಿ ಹೆಗಲಿಗೆ ಹೋಗುತ್ತದೆ. ಸಣ್ಣ ಊರಿನ ಪತ್ತೇದಾರಿ ಕಥೆಯಲ್ಲಿ ಇದಕ್ಕೊಂದು ತಿರುವಿದೆ. ಅಲ್ಲಿ ಕಳ್ಳ ಎಂದು ಕೂಗಿದರೆ ಊರಿಗೆ ಊರೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತದೆ. ಕುಂಬಳಕಾಯಿ ಕದ್ದವನು ಒಬ್ಬನೇ. ಉಳಿದವರ ಹೆಗಲ ಮೇಲಿರುವುದು ಬೇರೆ ಬೂದಿ. ಒಬ್ಬನು ಸಹಕಾರ ಸಂಘದ ಹಣ ಮುಟ್ಟಿದ್ದಾನೆ. ಒಬ್ಬಳು ಗಂಡನಿಗೆ ತಿಳಿಯದಂತೆ ತಮ್ಮನಿಗೆ ಒಡವೆ ಕೊಟ್ಟಿದ್ದಾಳೆ. ಮೇಷ್ಟರಿಗೆ ಇಸ್ಪೀಟಿನ ಸಾಲವಿದೆ. ಕೊಲೆಯ ವಿಚಾರಣೆಯೆಂದು ಹೊರಟ ಲಾಟೀನು ಬೀದಿಯುದ್ದಕ್ಕೂ ಒಂದೊಂದು ಮನೆಯ ಮೂಲೆಯನ್ನೂ ಬೆಳಗುತ್ತ ಹೋಗುತ್ತದೆ. ನಾವು ಓದುಗರು ಆ ಬೆಳಕಿನ ಹಿಂದೆಯೇ ನಡೆಯುತ್ತೇವೆ. ಪರರ ಮನೆಯ ಕಿಟಕಿಯಲ್ಲಿ ಇಣುಕುವುದು ಸಭ್ಯತೆಯಲ್ಲವೆಂದು ಕಲಿತವರು ನಾವು. ಇಲ್ಲಿ ನ್ಯಾಯದ ಹೆಸರಿನಲ್ಲಿ ಇಣುಕಲು ಪರವಾನಗಿ ಸಿಕ್ಕಿದೆ. ಈ ಕಥೆಗಳ ಸೆಳೆತದಲ್ಲಿ ಇದರ ಪಾಲು ಸಣ್ಣದಲ್ಲ.

ಆಡೆನ್ ಎಂಬ ಆಂಗ್ಲ ಕವಿ ತನಗೆ ಪತ್ತೇದಾರಿ ಕಥೆಗಳು ಹೊಗೆಸೊಪ್ಪಿನಂಥ ಚಟವೆಂದು ಒಪ್ಪಿಕೊಂಡಿದ್ದ. ಹಳ್ಳಿಗಾಡಿನಲ್ಲಿ ನಡೆಯದ ಕಥೆಯನ್ನು ಓದುವುದೇ ತನಗೆ ಕಷ್ಟವೆಂದೂ ಹೇಳಿದ್ದ. ೧೯೪೮ರಲ್ಲಿ ಅವನು ಬರೆದ ಪ್ರಬಂಧದ ತಿರುಳು ಇಷ್ಟು: ಕೊಲೆ ನಡೆಯುವ ಜಾಗ ಸ್ವರ್ಗದಂತೆ ಒಳ್ಳೆಯದಾಗಿದ್ದಷ್ಟೂ ಕೊಲೆಯ ವಿರೋಧ ಎದ್ದು ಕಾಣುತ್ತದೆ, ಅಪರಾಧಿಯನ್ನು ಹೊರಹಾಕಿದ ಮೇಲೆ ಊರು ಮತ್ತೆ ತನ್ನ ನಿಷ್ಕಳಂಕ ಸ್ಥಿತಿಗೆ ಮರಳುತ್ತದೆ, ಆ ಮರಳುವಿಕೆಯೇ ಓದುಗನಿಗೆ ಸಮಾಧಾನ. ಇದು ಹಳೆಯ ಮಾದರಿಯ ಕಥೆಗಳಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಊರು ನಿಜವಾಗಿ ಹಾಗೆ ಮರಳುತ್ತದೆಯೇ? ಸಂದೇಹ ಒಮ್ಮೆ ಹೊಕ್ಕ ಬೀದಿಯಿಂದ ಅದು ಅಷ್ಟು ಸುಲಭವಾಗಿ ಹೊರಟುಹೋಗುತ್ತದೆಯೇ? ಈ ಪ್ರಶ್ನೆಯಿಂದ ಮುಂದಕ್ಕೆ ನಮ್ಮ ವಿಷಯ ಬರಿಯ ಮನರಂಜನೆಯಾಗಿ ಉಳಿಯುವುದಿಲ್ಲ.

ಅಮೆರಿಕದ ಕಾನ್ಸಸ್ ರಾಜ್ಯದಲ್ಲಿ, ಗೋಧಿ ಬೆಳೆಯುವ ಬಯಲಿನ ನಡುವೆ, ಹೋಲ್‌ಕಂ ಎಂಬ ಸಣ್ಣ ಊರು. ೧೯೫೯ರ ನವೆಂಬರ್ ತಿಂಗಳಲ್ಲಿ ಅಲ್ಲಿ ಸುಮಾರು ೨೭೦ ಜನವಿದ್ದರು. ಆ ತಿಂಗಳ ೧೫ನೆಯ ತಾರೀಖು ಬೆಳಗಾಗುವ ಮೊದಲು, ಊರಿಗೆಲ್ಲ ಬೇಕಾಗಿದ್ದ ಒಬ್ಬ ರೈತ, ಅವನ ಹೆಂಡತಿ, ಮಗಳು, ಮಗ, ನಾಲ್ವರೂ ತಮ್ಮ ಮನೆಯಲ್ಲೇ ಗುಂಡೇಟಿಗೆ ಬಲಿಯಾದರು. ಪತ್ರಿಕೆಯಲ್ಲಿ ಈ ಸುದ್ದಿಯನ್ನು ನೋಡಿದ ಟ್ರೂಮನ್ ಕಪೋಟಿ ಎಂಬ ಲೇಖಕ ಅಲ್ಲಿಗೆ ಹೋದ. ಅವನ ಜೊತೆಗೆ ಬಾಲ್ಯದ ಗೆಳತಿ ಹಾರ್ಪರ್ ಲೀ ಕೂಡ ಹೋಗಿದ್ದಳು. ಕಪೋಟಿ ಬರೆದ ‘ಇನ್ ಕೋಲ್ಡ್ ಬ್ಲಡ್’ ೧೯೬೬ರಲ್ಲಿ ಪುಸ್ತಕವಾಗಿ ಬಂತು. ಕೊಂದವರು ಸೆರೆಮನೆಯಿಂದ ಬಿಡುಗಡೆಯಾಗಿದ್ದ ಇಬ್ಬರು. ಆ ಮನೆಯಲ್ಲಿ ಹಣದ ಪೆಟ್ಟಿಗೆಯಿದೆಯೆಂದು ಸೆರೆಮನೆಯಲ್ಲಿ ಯಾರೋ ಹೇಳಿದ್ದನ್ನು ನಂಬಿ ದೂರದಿಂದ ಕಾರಿನಲ್ಲಿ ಬಂದಿದ್ದರು. ಪೆಟ್ಟಿಗೆ ಇರಲಿಲ್ಲ. ಅವರಿಗೆ ಸಿಕ್ಕಿದ್ದು ೪೦-೫೦ ಡಾಲರು. ಡಿಸೆಂಬರ್ ೩೦ರಂದು ಇಬ್ಬರೂ ಸೆರೆಸಿಕ್ಕರು; ೧೯೬೫ರಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು.

ಕೊಲೆಗೂ ಬಂಧನಕ್ಕೂ ನಡುವಿನ ಆರು ವಾರ ಹೋಲ್‌ಕಂ ಹೇಗಿತ್ತೆಂಬುದನ್ನು ಕಪೋಟಿ ಎಳೆ ಎಳೆಯಾಗಿ ಬಿಡಿಸಿದ್ದಾನೆ. ರಾತ್ರಿ ಬಾಗಿಲಿಗೆ ಬೀಗ ಹಾಕುವ ರೂಢಿಯಿಲ್ಲದ ಜನ ಬೀಗ ಕೊಂಡು ತಂದರು. ದೀಪವಾರಿಸದೆ ಮಲಗಿದರು. ಕೊಲೆಗಾರರು ಎಲ್ಲಿಯೋ ದೂರದ ಹೆದ್ದಾರಿಯಲ್ಲಿದ್ದರು. ಇವರು ಹೆದರಿದ್ದು ಪಕ್ಕದ ಮನೆಯವರಿಗೆ. ನಮ್ಮಲ್ಲೇ ಯಾರೋ ಒಬ್ಬರು ಎಂಬ ಯೋಚನೆ ಅಷ್ಟು ಬೇಗ ಬೇರೂರಿತು. ನಮ್ಮವರಾರೂ ಅಲ್ಲವೆಂದು ತಿಳಿದಾಗ ಕೆಲವರಿಗೆ ನೆಮ್ಮದಿಯ ಜೊತೆಗೆ ಒಂದು ಬಗೆಯ ನಿರಾಶೆಯೂ ಆಯಿತಂತೆ. ಮನುಷ್ಯನ ಮನಸ್ಸು ಎಂಥದು ನೋಡಿ!

ತೀರ ಇತ್ತೀಚಿನ ಉದಾಹರಣೆಯನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ದೂರದರ್ಶನದಲ್ಲಿ ೨೦೧೩ರಲ್ಲಿ ‘ಬ್ರಾಡ್‌ಚರ್ಚ್’ ಎಂಬ ಧಾರಾವಾಹಿ ಬಂತು. ಕಡಲ ತಡಿಯ ಒಂದು ಪುಟ್ಟ ಊರು, ಹನ್ನೊಂದು ವರ್ಷದ ಹುಡುಗನ ಕೊಲೆ. ತನಿಖೆ ಮಾಡುವವರು ಇಬ್ಬರು. ಒಬ್ಬ ಹೊರಗಿನಿಂದ ಬಂದ ಅಧಿಕಾರಿ. ಅವನಿಗೆ ಊರಿನಲ್ಲಿ ಎಲ್ಲರ ಮೇಲೂ ಅನುಮಾನ. ಇನ್ನೊಬ್ಬಳು ಆ ಊರಿನವಳೇ. ಅವಳಿಗೆ ಯಾರ ಮೇಲೂ ಅನುಮಾನ ಬರದು. ಕೊಲೆಯಾದ ಹುಡುಗ ಅವಳ ಮಗನ ಸ್ನೇಹಿತ. ಈ ಕಥೆಯಲ್ಲಿ ಪತ್ರಿಕೆ ಮಾರುವ ಒಬ್ಬ ಮುದುಕನಿದ್ದಾನೆ. ಒಂಟಿ ಜೀವಿ. ಅವನ ಹಳೆಯ ಶಿಕ್ಷೆಯೊಂದನ್ನು ಪತ್ರಿಕೆಯವರು ಅಗೆದು ತೆಗೆಯುತ್ತಾರೆ. ಊರು ಪೂರ್ತಿ ಕೇಳುವುದಿಲ್ಲ, ಅರ್ಧ ಕೇಳಿದೊಡನೆ ತೀರ್ಪು ಕೊಟ್ಟುಬಿಡುತ್ತದೆ. ಆ ಮುದುಕ ಪ್ರಾಣ ಬಿಡುತ್ತಾನೆ. ಅವನು ನಿರಪರಾಧಿ. ಕೊಲೆಗಾರ ಯಾರೆಂದು ನಾನು ಹೇಳುವುದಿಲ್ಲ, ನೋಡದವರ ಸುಖವನ್ನು ಕೆಡಿಸಬಾರದು. ಆದರೆ ಆ ಕಥೆಯಲ್ಲಿ ಸಾವುಗಳು ಎರಡು, ಎರಡನೆಯದಕ್ಕೆ ಕೈ ಹಾಕಿದ್ದು ಇಡೀ ಊರು ಎಂಬುದನ್ನು ಮರೆಯುವಂತಿಲ್ಲ.

ನಮ್ಮ ದೇಶದ ಕಡೆಗೆ ತಿರುಗಿದರೆ ಸಣ್ಣ ಊರಿನ ಇನ್ನೊಂದು ಮುಖವನ್ನು ತೋರಿಸಿದ ಕಥೆ ಮಲಯಾಳದ ‘ದೃಶ್ಯಂ’. ಜೀತು ಜೋಸೆಫ್ ನಿರ್ದೇಶಿಸಿದ ಈ ಚಿತ್ರ ೨೦೧೩ರದು. ಮರುವರ್ಷವೇ ‘ದೃಶ್ಯ’ ಎಂದು ಕನ್ನಡಕ್ಕೆ ಬಂತು. ಕೇಬಲ್ ಟಿ.ವಿ. ನಡೆಸುವ, ಹೆಚ್ಚು ಓದದ ಒಬ್ಬ ಸಂಸಾರಸ್ಥ ತನ್ನ ಹೆಂಡತಿ ಮಕ್ಕಳನ್ನು ಉಳಿಸಿಕೊಳ್ಳಲು ಹೂಡುವ ಉಪಾಯ ಅದರ ಕಥೆ. ಅವನ ಆಯುಧ ಯಾವುದೆಂದರೆ ಊರಿನವರ ನೆನಪು. ಬಸ್ಸಿನ ಕಂಡಕ್ಟರು, ಹೋಟೆಲಿನವನು, ಚಿತ್ರಮಂದಿರದವನು, ಇವರೆಲ್ಲ ತಾವು ಕಂಡದ್ದನ್ನು ಕಂಡಂತೆಯೇ ಹೇಳುತ್ತಿದ್ದೇವೆಂದು ನಂಬಿ ಪ್ರಾಮಾಣಿಕವಾಗಿ ಸಾಕ್ಷಿ ನುಡಿಯುತ್ತಾರೆ. ಆದರೆ ಯಾವ ದಿನ ಕಂಡರೆಂಬುದನ್ನು ಅವರ ತಲೆಯಲ್ಲಿ ಬಿತ್ತಿದವನು ಬೇರೆ. ಎಲ್ಲವನ್ನೂ ನೋಡುವ ಊರಿನ ಕಣ್ಣನ್ನು ಮುಚ್ಚುವುದು ಅಸಾಧ್ಯ. ಅದು ನೋಡಿದ್ದನ್ನು ಅದಲು ಬದಲು ಮಾಡುವುದು ಸಾಧ್ಯ. ಊರಿಗೆಲ್ಲ ಗೊತ್ತು ಎಂಬ ಮಾತನ್ನೇ ಪ್ರಮಾಣವೆಂದು ಹಿಡಿಯುವವರು ಈ ಕಥೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು.

ಕನ್ನಡದ ಓದುಗರಿಗೆ ಪತ್ತೇದಾರಿ ಕಥೆಗಳ ರುಚಿ ಹತ್ತಿಸಿದವರಲ್ಲಿ ಎನ್. ನರಸಿಂಹಯ್ಯನವರದು ದೊಡ್ಡ ಹೆಸರು. ಅವರು ಬರೆದ ಕಾದಂಬರಿಗಳು ಐನೂರರ ಆಸುಪಾಸು. ಅವರ ಪತ್ತೇದಾರ ಪುರುಷೋತ್ತಮನಿಗಾಗಿ ಬಾಡಿಗೆ ಪುಸ್ತಕದ ಅಂಗಡಿಗಳ ಮುಂದೆ ಕಾದ ತಲೆಮಾರೇ ಒಂದಿತ್ತು. ಇತ್ತೀಚೆಗೆ ಸಣ್ಣ ಊರಿನ ಅಪರಾಧಕ್ಕೆ ನಮ್ಮ ಚಿತ್ರರಂಗವೂ ಗಮನ ಕೊಟ್ಟಿದೆ. ೨೦೧೪ರ ‘ಉಳಿದವರು ಕಂಡಂತೆ’ ಮಲ್ಪೆಯ ಕಡಲ ತೀರದಲ್ಲಿ ನಡೆಯುತ್ತದೆ. ಒಂದೇ ಘಟನೆಯನ್ನು ಬೇರೆ ಬೇರೆಯವರು ತಾವು ತಾವು ಕಂಡಂತೆ ಹೇಳುತ್ತ ಹೋಗುತ್ತಾರೆ. ನೋಡಿ, ಇಷ್ಟು ಹೊತ್ತು ನಾನು ಹೇಳುತ್ತಿರುವುದನ್ನು ಆ ಚಿತ್ರದ ಹೆಸರು ಎರಡು ಶಬ್ದಗಳಲ್ಲಿ ಮುಗಿಸಿಬಿಟ್ಟಿದೆ! ಸಣ್ಣ ಊರಿನಲ್ಲಿ ನಾವು ನಾವಾಗಿರುವುದಕ್ಕಿಂತ ಹೆಚ್ಚಾಗಿ ಉಳಿದವರು ಕಂಡಂತೆ ಇರುತ್ತೇವೆ.

ಇಂಥ ಕಥೆಗಳನ್ನು ಓದುವುದರಿಂದ ಜನ ಕೆಡುತ್ತಾರೆ, ಕೊಲೆ ಮಾಡುವ ಬಗೆಯನ್ನು ಕಲಿಯುತ್ತಾರೆ ಎಂದು ಹಿರಿಯರು ಕೆಲವರು ಆಕ್ಷೇಪಿಸುವುದುಂಟು. ನನ್ನ ಮಟ್ಟಿಗೆ ಇದರಲ್ಲಿ ಹುರುಳು ಕಾಣದು. ಒಳ್ಳೆಯ ಪತ್ತೇದಾರಿ ಕಥೆ ಕಲಿಸುವುದು ತೀರ್ಪನ್ನು ತಡೆಹಿಡಿಯುವ ತಾಳ್ಮೆಯನ್ನು. ಹತ್ತು ಕಥೆಗಳನ್ನು ಓದಿದ ಯಾರನ್ನೇ ಕೇಳಿ. ಮೊದಲ ಅಧ್ಯಾಯದಲ್ಲಿ ಊರೆಲ್ಲ ಯಾರ ಕಡೆಗೆ ಬೆರಳು ತೋರಿಸುತ್ತದೆಯೋ ಅವನು ಕೊಲೆಗಾರನಲ್ಲವೆಂದು ಥಟ್ಟನೆ ಹೇಳುತ್ತಾರೆ. ಊರಾಚೆ ಒಂಟಿಯಾಗಿರುವ ಒರಟು ಮನುಷ್ಯ, ಮೊನ್ನೆ ತಾನೆ ಬಾಡಿಗೆಗೆ ಬಂದ ಪರವೂರಿನವನು, ಹಿಂದೆಂದೋ ಜೈಲಿಗೆ ಹೋಗಿ ಬಂದವನು, ಇವರು ನಿರಪರಾಧಿಗಳೆಂಬುದು ನಮಗೆ ಅಭ್ಯಾಸದಿಂದಲೇ ಗೊತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದನ್ನೇ ಈ ಕಥೆಗಳು ಮುನ್ನೂರು ಪುಟಗಳಲ್ಲಿ ಹೇಳುತ್ತವೆ.

ಹಾಗಾದರೆ ಪುಸ್ತಕ ಮುಚ್ಚಿದೊಡನೆ ಈ ವಿವೇಕ ಎಲ್ಲಿಗೆ ಹೋಗುತ್ತದೆ? ೨೦೧೮ರ ಬೇಸಗೆ ಮಳೆಗಾಲಗಳಲ್ಲಿ ದೇಶದ ನಾನಾ ಕಡೆ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಮೊಬೈಲು ಫೋನುಗಳಲ್ಲಿ ಹರಿದಾಡಿತು. ಆ ವರ್ಷದ ಜುಲೈ ತಿಂಗಳಲ್ಲಿ ಹೈದರಾಬಾದಿನ ಕೆಲವು ಮಂದಿ ಸ್ನೇಹಿತರು ನಮ್ಮ ಬೀದರ್ ಜಿಲ್ಲೆಗೆ ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ಹಳ್ಳಿಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅಷ್ಟೇ ಅವರು ಮಾಡಿದ ತಪ್ಪು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿತು. ಮುರ್ಕಿ ಎಂಬ ಹಳ್ಳಿಯಲ್ಲಿ ಜನ ಅಡ್ಡಗಟ್ಟಿ ಹೊಡೆದರು. ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟಾಯಿತು. ಒಬ್ಬ ತರುಣ ಇಂಜಿನಿಯರು ಅಲ್ಲಿಯೇ ಪ್ರಾಣ ಕಳೆದುಕೊಂಡ. ಅಲ್ಲಿ ಮಗುವನ್ನು ಕದ್ದವರು ಯಾರೂ ಇರಲಿಲ್ಲ. ಕದಿಯುವ ಯೋಚನೆಯೂ ಯಾರಿಗೂ ಇರಲಿಲ್ಲ. ಹೊಡೆದವರು ಹುಟ್ಟು ದುಷ್ಟರೆಂದೂ ಹೇಳಲಾಗದು. ತಮ್ಮ ಮಕ್ಕಳಿಗಾಗಿ ಹೆದರಿದ ಸಾಮಾನ್ಯ ಜನ. ಗುರುತಿಲ್ಲದ ಮುಖವನ್ನು ಕಂಡೊಡನೆ ಎಲ್ಲವೂ ಗೊತ್ತಾಯಿತೆಂದು ಅವರು ತಿಳಿದುಬಿಟ್ಟರು.

ಈ ಘಟನೆಯನ್ನು ಕಥೆಗಳ ಮಾತಿನ ನಡುವೆ ಏಕೆ ತಂದೆನೆಂದು ನೀವು ಕೇಳಬಹುದು. ಕಥೆಯಲ್ಲಿ ಮೊದಲ ಊಹೆ ತಪ್ಪಾದರೆ ನಮಗೆ ನಷ್ಟವಿಲ್ಲ, ನಕ್ಕು ಮುಂದಿನ ಪುಟಕ್ಕೆ ಹೋಗುತ್ತೇವೆ. ಬೀದಿಯಲ್ಲಿ ಮೊದಲ ಊಹೆ ತಪ್ಪಾದರೆ ಮುಂದಿನ ಪುಟವೇ ಇರುವುದಿಲ್ಲ. ರೋಡ್ ಹಳ್ಳಿಯ ದಾದಿಗೆ, ಬ್ರಾಡ್‌ಚರ್ಚಿನ ಮುದುಕನಿಗೆ, ಮುರ್ಕಿಯಲ್ಲಿ ಸತ್ತ ತರುಣನಿಗೆ, ಕಥೆಯಲ್ಲಾಗಲಿ ಜೀವನದಲ್ಲಾಗಲಿ, ಒಂದೇ ವಿಧದ ಅನ್ಯಾಯವಾಯಿತು. ಊರು ತನಗೆ ಗೊತ್ತಿದೆಯೆಂದುಕೊಂಡದ್ದು ನಿಜವಾಗಿ ಗೊತ್ತಿರಲಿಲ್ಲ.

ಆದ್ದರಿಂದ ಈ ಕಥೆಗಳನ್ನು ಓದುವವರಿಗೆ ಒಂದು ಒರೆಗಲ್ಲನ್ನು ಸೂಚಿಸಬಹುದು. ಕೊನೆಯ ಅಧ್ಯಾಯವನ್ನು ಗಮನಿಸಿ. ಕೈದಿಯನ್ನು ಪೊಲೀಸು ಜೀಪಿಗೆ ಹತ್ತಿಸಿದೊಡನೆ ಮೋಡ ಚೆದರಿ ಬಿಸಿಲು ಬಂದು ಎಲ್ಲರೂ ನಗುನಗುತ್ತ ಮನೆಗೆ ಹೋದರೆ ಅದು ಹೊತ್ತು ಕಳೆಯುವ ಕಥೆ. ಅದಕ್ಕೂ ಬೆಲೆಯಿದೆ, ಬೇಡವೆನ್ನುವುದಿಲ್ಲ. ಆದರೆ ಕೊಲೆಗಾರ ಸಿಕ್ಕಿದ ಮೇಲೂ ಒಂದು ಅಂಗಡಿಯ ಬಾಗಿಲು ತೆರೆಯದೆ ಉಳಿದರೆ, ತಪ್ಪಾಗಿ ಅನುಮಾನಿಸಿದವರು ಅನುಮಾನಕ್ಕೊಳಗಾದವನ ಮುಖ ನೋಡಲಾಗದೆ ಬೀದಿಯ ಆಚೆ ಬದಿಗೆ ಸರಿದು ನಡೆದರೆ, ಆ ಲೇಖಕನಿಗೆ ಸಣ್ಣ ಊರು ಎಂದರೇನೆಂಬುದು ಗೊತ್ತು. ಪಟ್ಟಣದಲ್ಲಿ ತಪ್ಪು ಮಾಡಿದವನು ಬೇರೆ ಬಡಾವಣೆಗೆ ಹೋಗಿ ಮರೆಯಾಗಬಹುದು. ಸಣ್ಣ ಊರಿನಲ್ಲಿ ಅದೇ ಕೆರೆ, ಅದೇ ಬಸ್ಸು, ಅದೇ ಸಂತೆ. ನಾಳೆಯೂ ಅವೇ ಮುಖಗಳ ನಡುವೆ ಬಾಳಬೇಕು.

ನೀವು ಈ ರಾತ್ರಿಯೂ ದಿಂಬಿಗೊರಗಿ ಇಂಥದೊಂದು ಪುಸ್ತಕವನ್ನು ತೆರೆಯುವವರಿರಬಹುದು. ಸುಖವಾಗಿ ಓದಿ. ಕೊಲೆಗಾರ ಯಾರೆಂದು ಲೇಖಕನಿಗಿಂತ ಮೊದಲೇ ಊಹಿಸಿ, ಸರಿಯಾದರೆ ಬೀಗಿ. ಓದುತ್ತಿರುವಾಗ ಯಾವ ಪಾತ್ರದ ಮೇಲೆ ನಿಮಗೆ ಮೊಟ್ಟಮೊದಲು ಅನುಮಾನ ಬಂತು, ಅದು ಏಕೆ ಬಂತು ಎಂಬುದನ್ನು ಮಾತ್ರ ಪುಸ್ತಕದ ಅಂಚಿನಲ್ಲಿ 
ಒಂದು ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ಅವನು ಬಡವನೆಂದೆ? ಒಂಟಿಯೆಂದೆ? ಬೇರೆ ಊರಿನವನೆಂದೆ? ಕಥೆ ಮುಗಿದ ಮೇಲೆ ಆ ಗುರುತಿನ ಕಡೆಗೊಮ್ಮೆ ತಿರುಗಿ ನೋಡಿ. ಪತ್ತೇದಾರನು ಊರಿನ ಬಗ್ಗೆ ಕಂಡುಹಿಡಿದದ್ದಕ್ಕಿಂತ ಹೆಚ್ಚಿನದೇನನ್ನಾದರೂ ನೀವು ನಿಮ್ಮ ಬಗ್ಗೆ ಅಲ್ಲಿ ಕಂಡುಕೊಳ್ಳಬಹುದು.